ಎರಿಯ ಹಾದಿ, ಮಸಾರಿಯ ಹಾದಿ: ಸೇಡಂ ಓದುಗರಿಗೆ ಸಂಪಾದಕರ ಉತ್ತರ

ಸೇಡಂ ತಾಲ್ಲೂಕಿನ ಓದುಗರೊಬ್ಬರು ಬರೆದ ಮೂರು ಪುಟಗಳ ಪತ್ರದ ಸಾರ ಇಷ್ಟು. ಚಿಂಚೋಳಿ ಕಾಡಿನ ಸುತ್ತಲಿನ ಗ್ರಾವೆಲ್ ಸೈಕಲ್ (ಕಚ್ಚಾ ದಾರಿಯ ಸೈಕಲ್) ದಾರಿಗಳ ಬಗ್ಗೆ ನಮ್ಮಲ್ಲಿ ಬಂದ ಲೇಖನವನ್ನು ನಂಬಿ ಅವರು ಅಕ್ಟೋಬರ್ ಮೊದಲ ವಾರದಲ್ಲಿ ಇಬ್ಬರು ಗೆಳೆಯರೊಂದಿಗೆ ಹೊರಟರು. ಹೊಲದ ಬಂಡಿದಾರಿಯಲ್ಲಿ ಎರಡು ಕಿಲೋಮೀಟರ್ ಹೋಗುವಷ್ಟರಲ್ಲಿ ಚಕ್ರಗಳು ಮಣ್ಣು ಕಟ್ಟಿಕೊಂಡು ನಿಂತವು, ಒಬ್ಬರ ಹಿಂದಿನ ಗೇರಿನ ಕೊಂಡಿ ಮುರಿಯಿತು. ಸೈಕಲ್ ಹೊತ್ತುಕೊಂಡು ಕಾಡಿನ ಅಂಚಿಗೆ ಬಂದರೆ ಅಲ್ಲಿ ಅರಣ್ಯ ಕಾವಲುಗಾರರು ಪರವಾನಗಿ ಕೇಳಿ ಹಿಂದಕ್ಕೆ ಕಳುಹಿಸಿದರು. ‘ನಮ್ಮ ಭಾಗದಲ್ಲಿ ಮರ, ಗುಡ್ಡ, ಕಣಿವೆ ಇರುವ ಸೈಕಲ್ ದಾರಿ ನಿಜವಾಗಿಯೂ ಇದೆಯೇ, ಅಥವಾ ನಾವೂ ಎಲ್ಲರಂತೆ ಮಲೆನಾಡಿನ ರೈಲು ಹತ್ತಬೇಕೇ?’ ಎಂಬುದು ಅವರ ಪ್ರಶ್ನೆ.

ಮಾನ್ಯರೇ,

ಮೊದಲು ನಮ್ಮ ತಪ್ಪು. ಲೇಖನದಲ್ಲಿ ದಾರಿಯ ಉದ್ದವಿತ್ತು, ಏರಿಳಿತವಿತ್ತು, ಚಹಾ ಸಿಗುವ ಊರಿನ ಹೆಸರೂ ಇತ್ತು. ಯಾವ ಮಳೆಯಲ್ಲಿ ಹೋಗಬಾರದೆಂಬ ಒಂದು ಸಾಲು ಮಾತ್ರ ಇರಲಿಲ್ಲ. ಬರೆದವರು ಜನವರಿಯಲ್ಲಿ ಹೋಗಿದ್ದರು, ನೀವು ಹಸ್ತ ಮಳೆಯಲ್ಲಿ ಹೋದಿರಿ. ಒಕ್ಕಲುತನದ ಮನೆಯಲ್ಲಿ ಬೆಳೆದವರಿಗೆ ಈ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕಾಗಿಲ್ಲ. ಲೇಖನ ಅಚ್ಚಿಗೆ ಹೋಗುವ ಮುನ್ನ ಓದಿದ ನಾನು ಅದನ್ನು ಕೇಳಬೇಕಾಗಿತ್ತು, ಕೇಳಲಿಲ್ಲ. ನಾನೂ ಒಮ್ಮೆ ತೊಗರಿ ಹೊಲದ ನಡುವೆ ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ಡಾಂಬರು ರಸ್ತೆ ಹುಡುಕಿದವನೇ ಆದ್ದರಿಂದ ನಿಮ್ಮ ಪತ್ರದ ಸಿಟ್ಟು ನನಗೆ ಚೆನ್ನಾಗಿ ಅರ್ಥವಾಯಿತು.

ನಿಮ್ಮ ಪ್ರಶ್ನೆಗೆ ಉತ್ತರ ‘ಇದೆ’ ಎಂದೇ. ಆದರೆ ಕಲಬುರಗಿ, ಬೀದರ್, ಯಾದಗಿರಿ, ಈ ನಮ್ಮ ಮೂರು ಜಿಲ್ಲೆಗಳಲ್ಲಿ ದಾರಿಯನ್ನು ನಕಾಶೆ ನೋಡಿ ಆರಿಸುವುದಕ್ಕಿಂತ ಮಣ್ಣು ನೋಡಿ ಆರಿಸಬೇಕು. ಮೊಬೈಲ್ ನಕಾಶೆಯಲ್ಲಿ ಎಲ್ಲ ಕಚ್ಚಾ ದಾರಿಗಳೂ ಒಂದೇ ಬೂದು ಗೆರೆ. ನೆಲದ ಮೇಲೆ ಒಂದು ಎರಿ, ಒಂದು ಕೆಂಪು ಮಣ್ಣಿನ ಮಸಾರಿ, ಇನ್ನೊಂದು ಸಣ್ಣ ಕಲ್ಲು ಬೆರೆತ ಗರಸು. ಎರಿ ಎಂದರೆ ದಖನ್ನಿನ ಕಪ್ಪು ಬಸಾಲ್ಟ್ ಕಲ್ಲು ಸವೆದು ಆದ ಮಣ್ಣು. ಅದರಲ್ಲಿರುವ ಜೇಡಿ ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಆ ಗುಣದಿಂದಲೇ ಅದು ಹಿಂಗಾರಿ ಜೋಳಕ್ಕೆ ತಿಂಗಳುಗಟ್ಟಲೆ ತೇವ ಹಿಡಿದಿಡುತ್ತದೆ, ಆ ಗುಣದಿಂದಲೇ ನಿಮ್ಮ ಸೈಕಲ್ಲನ್ನೂ ಹಿಡಿಯಿತು. ಹಸಿ ಎರಿ ಟೈರಿಗೆ ಪದರ ಪದರವಾಗಿ ಅಂಟಿ, ಟೈರು ಮತ್ತು ಫೋರ್ಕಿನ ನಡುವಿನ ಬೆರಳಗಲದ ಜಾಗವನ್ನು ತುಂಬಿ, ಹುಲ್ಲು ಕಡ್ಡಿಗಳೊಂದಿಗೆ ಸೇರಿ ಸಿಮೆಂಟಿನಂತೆ ಬಿಗಿಯುತ್ತದೆ. ಆಗಲೂ ಪೆಡಲ್ ತುಳಿಯುತ್ತಲೇ ಹೋದರೆ ಸರಪಳಿ ಎಳೆದು ಗೇರಿನ ಕೊಂಡಿ ಮುರಿಯುವುದು ಸಹಜ. ಗೇರನ್ನು ಚೌಕಟ್ಟಿಗೆ ಹಿಡಿಸುವ ಆ ಕೊಂಡಿಯನ್ನು ಚೌಕಟ್ಟು ಉಳಿಯಲೆಂದೇ ಮೆದು ಲೋಹದಲ್ಲಿ ಮಾಡಿರುತ್ತಾರೆ. ನಿಮ್ಮ ಗೆಳೆಯರ ಸೈಕಲ್ಲಿನ ಚೌಕಟ್ಟು ಉಳಿದಿದ್ದರೆ ಅದು ತನ್ನ ಕೆಲಸ ಮಾಡಿತೆಂದೇ ತಿಳಿಯಿರಿ. ಆಯಾ ಸೈಕಲ್ಲಿಗೆ ಹೊಂದುವ ಕೊಂಡಿಯೊಂದನ್ನು ಮುಂದೆ ಚೀಲದಲ್ಲಿಟ್ಟುಕೊಳ್ಳುವುದು ಒಳ್ಳೆಯದು, ಏಕೆಂದರೆ ನಮ್ಮ ತಾಲ್ಲೂಕು ಊರುಗಳ ಸೈಕಲ್ ಅಂಗಡಿಗಳಲ್ಲಿ ಅದು ಸಿಗುವುದಿಲ್ಲ.

ಮಲೆನಾಡಿನ ಮಾತು ಎತ್ತಿದ್ದೀರಿ. ಉದ್ದನೆಯ ಏರು, ಮಂಜು, ಕಾಫಿ ತೋಟದ ನೆರಳು ಬೇಕಿದ್ದರೆ ಅಲ್ಲಿಗೇ ಹೋಗಬೇಕು. ಅದನ್ನು ಇಲ್ಲಿ ತೋರಿಸುತ್ತೇನೆಂದು ಹೇಳಿದರೆ ಸುಳ್ಳಾಗುತ್ತದೆ. ಆದರೆ ಗ್ರಾವೆಲ್ ಸೈಕಲ್ ಎಂಬುದು ಬೆಟ್ಟಕ್ಕಾಗಿ ಹುಟ್ಟಿದ ಗಾಡಿಯಲ್ಲ. ಈ ಆಟಕ್ಕೆ ಹೆಸರು ತಂದ ದೊಡ್ಡ ಪಂದ್ಯಗಳಲ್ಲಿ ಒಂದು 2006ರಲ್ಲಿ ಶುರುವಾದದ್ದು ಅಮೆರಿಕದ ಕಾನ್ಸಾಸ್ ರಾಜ್ಯದ ಎಂಪೋರಿಯಾ ಎಂಬ ಊರಿನಲ್ಲಿ, ದನ ಮೇಯುವ ಹುಲ್ಲುಗಾವಲುಗಳ ನಡುವಿನ ಕಲ್ಲುದಾರಿಗಳಲ್ಲಿ. ರೈತರು ಓಡಾಡುವ, ಡಾಂಬರು ಕಾಣದ, ವಾಹನ ಕಡಿಮೆಯಿರುವ ಹಾದಿ ಅದಕ್ಕೆ ಸಾಕು. ಅಂಥ ಹಾದಿಗೆ ನಮ್ಮಲ್ಲಿ ಬರವಿಲ್ಲ. ಬರವಿರುವುದು ಮರದ ನೆರಳಿಗೆ, ಮತ್ತು ನೆರಳು ಎಲ್ಲಿದೆಯೆಂಬುದಕ್ಕೆ ಇಲ್ಲಿ ಒಂದು ಲೆಕ್ಕವಿದೆ.

ಕಲಬುರಗಿ ಸುಮಾರು 450 ಮೀಟರ್ ಎತ್ತರದಲ್ಲಿದೆ, ಬೀದರ್ 600 ಮೀಟರಿಗೂ ಮೇಲೆ. ಬೀದರ್ ಕುಳಿತಿರುವುದು ಬಸಾಲ್ಟಿನ ಮೇಲೆ ಟೊಪ್ಪಿಗೆಯಂತೆ ಹೊದಿಸಿದ ಜಂಬಿಟ್ಟಿಗೆಯ, ಅಂದರೆ ಲ್ಯಾಟರೈಟಿನ, ಚಪ್ಪಟೆ ಗುಡ್ಡದ ಮೇಲೆ. ಈ ಕೆಂಪು ಕಲ್ಲು ಜೇನುಗೂಡಿನಂತೆ ತೂತು ತೂತು; ಮಳೆನೀರು ಅದರೊಳಗೆ ಇಳಿದು, ಕೆಳಗಿನ ನೀರು ಬಿಡದ ಪದರಕ್ಕೆ ತಾಗಿ, ಗುಡ್ಡದ ಅಂಚಿನಲ್ಲಿ ಝರಿಯಾಗಿ ಹೊರಬೀಳುತ್ತದೆ. ನರಸಿಂಹ ಝರಣಿಯಲ್ಲಿ ಎದೆಮಟ್ಟದ ನೀರಿನಲ್ಲಿ ಸುರಂಗ ದಾಟಿ ದೇವರ ದರ್ಶನ ಮಾಡುವುದು, ಪಾಪನಾಶದ ಕೊಳ, ಗುರುನಾನಕ್ ಝೀರಾದ ನೀರು, ನೆಲದಡಿ ನೀರು ಹರಿಸುವ ಬಹಮನಿಗಳ ಕಾಲದ ಸುರಂಗ ಬಾವಿ, ಇವೆಲ್ಲ ಆ ಕೆಂಪು ಟೊಪ್ಪಿಗೆಯ ಕೊಡುಗೆ. ನೀರಿರುವ ಅಂಚಿನಲ್ಲಿ ಮರ, ಅದೇ ಅಂಚಿನಲ್ಲಿ ಇಳಿಜಾರು. ಹೀಗಾಗಿ ನಮ್ಮ ಕಡೆ ಮರವೂ ಕಣಿವೆಯೂ ಒಟ್ಟಿಗೆ ಸಿಗುವುದು ಹೆಚ್ಚಾಗಿ ಮಸಾರಿ ಗುಡ್ಡದ ತುಟಿಯಲ್ಲಿ. ಎರಿ ಬಯಲಿನ ನಡುವೆ ಎಷ್ಟು ಹುಡುಕಿದರೂ ಜಾಲಿ, ಬೇವು ಬಿಟ್ಟರೆ ಹೆಚ್ಚೇನೂ ಸಿಗುವುದಿಲ್ಲ.

ಆದ್ದರಿಂದ ಮೊದಲ ಸವಾರಿಯನ್ನು ಚಿಂಚೋಳಿಯಲ್ಲಲ್ಲ, ಬೀದರಿನಲ್ಲಿ ಮಾಡಿರೆಂದು ನನ್ನ ಸಲಹೆ. ಕೋಟೆಯ ಬಳಿ ನಿಂತು ಉತ್ತರಕ್ಕೆ ನೋಡಿದರೆ ನೆಲ ಒಮ್ಮೆಗೇ ಮಾಂಜ್ರಾ ನದಿಯ ಬಯಲಿಗೆ ಇಳಿಯುವುದು ಕಾಣುತ್ತದೆ. ಪೂರ್ವಕ್ಕೆ ಚೌಖಂಡಿ ಎಂಬ ಹಳೆಯ ಗೋರಿಯ ಪಕ್ಕದಿಂದ ಅಷ್ಟೂರಿನ ಬಹಮನಿ ಗುಮ್ಮಟಗಳ ಕಡೆಗೆ ಇಳಿದು, ಹಳ್ಳಿದಾರಿಗಳಲ್ಲಿ ಸುತ್ತಿ, ಇನ್ನೊಂದು ಕಡೆಯಿಂದ ಗುಡ್ಡ ಹತ್ತಿ ಊರಿಗೆ ಮರಳಬಹುದು. ಏರು ಚಿಕ್ಕದು, ಆದರೆ ಒಂದೇ ಬೆಳಗ್ಗೆ ಮೂರು ಸಲ ಇಳಿದು ಹತ್ತಿದವರು ಬೀದರ್ ಸಪಾಟೆಂದು ಮತ್ತೆ ಹೇಳುವುದಿಲ್ಲ. ಮಸಾರಿಯ ದೊಡ್ಡ ಗುಣವೆಂದರೆ ಜೋರು ಮಳೆ ನಿಂತ ಕೆಲವು ತಾಸುಗಳಲ್ಲೇ ಅದು ಸವಾರಿಗೆ ಸಿದ್ಧವಾಗುತ್ತದೆ. ದೋಷವೂ ಒಂದಿದೆ: ಕಲ್ಲು ಸವೆದಲ್ಲಿ ಉಳಿಯುವ ಕಡಲೆ ಗಾತ್ರದ ಗುಂಡು ಹರಳುಗಳು ಇಳಿಜಾರಿನಲ್ಲಿ ಗೋಲಿಯಂತೆ ಉರುಳುತ್ತವೆ. ಅಲ್ಲಿ ಮುಂದಿನ ಬ್ರೇಕನ್ನು ಒಮ್ಮೆಗೇ ಹಿಡಿಯದೆ, ತಿರುವಿಗೆ ಮೊದಲೇ ವೇಗ ಇಳಿಸಿ, ತಿರುವಿನಲ್ಲಿ ಸೈಕಲ್ಲನ್ನು ಆದಷ್ಟು ನೆಟ್ಟಗೆ ಇಟ್ಟುಕೊಳ್ಳಬೇಕು. ನೌಬಾದ್ ಕಡೆ ಹೋದರೆ ದಾರಿ ಬಿಟ್ಟು ಹೊಲಕ್ಕೆ ಇಳಿಯಬೇಡಿ. ಸುರಂಗ ಬಾವಿಯ ಗಾಳಿಗುಂಡಿಗಳು ಅಲ್ಲಲ್ಲಿ ಬಾಯಿ ತೆರೆದಿವೆ, ಅವು ನೋಡತಕ್ಕವು, ಬೀಳತಕ್ಕವಲ್ಲ. ಹೊನ್ನಿಕೇರಿ ಮೀಸಲು ಅರಣ್ಯದ ಅಂಚಿನ ಹಳ್ಳಿದಾರಿಗಳಲ್ಲಿ ಬೆಳಗಿನ ಹೊತ್ತು ಕೃಷ್ಣಮೃಗಗಳು ಕಾಣಸಿಗುತ್ತವೆ. ಅವು ಹಾದಿಗೆ ಅಡ್ಡ ಬಂದಾಗ ಬೆನ್ನಟ್ಟಿ ಚಿತ್ರ ತೆಗೆಯುವ ಚಟ ನಮ್ಮ ಸವಾರರಲ್ಲಿ ಹೆಚ್ಚುತ್ತಿರುವುದು ನನಗೆ ಸ್ವಲ್ಪವೂ ಹಿಡಿಸುವುದಿಲ್ಲ.

ಈಗ ಚಿಂಚೋಳಿ. ನಿಮ್ಮನ್ನು ತಡೆದ ಕಾವಲುಗಾರರದ್ದು ತಪ್ಪಲ್ಲ. ದಕ್ಷಿಣ ಭಾರತದ ಮೊದಲ ಒಣಭೂಮಿ ವನ್ಯಜೀವಿಧಾಮವೆಂದು ಹೆಸರಾದ ಈ ಕಾಡನ್ನು 2011ರಲ್ಲಿ ವನ್ಯಜೀವಿಧಾಮವೆಂದು ಘೋಷಿಸಲಾಯಿತು. ವಿಸ್ತೀರ್ಣ ಸುಮಾರು 134 ಚದರ ಕಿಲೋಮೀಟರ್. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ವನ್ಯಜೀವಿಧಾಮದೊಳಗೆ ಪರವಾನಗಿಯಿಲ್ಲದೆ ಹೊರಗಿನವರು ಹೋಗುವಂತಿಲ್ಲ. ಸಾರ್ವಜನಿಕ ಹೆದ್ದಾರಿಯಲ್ಲಿ ಹಾದುಹೋಗುವವರಿಗೆ ಮಾತ್ರ ವಿನಾಯಿತಿಯಿದೆ. ಕಾಡಿನೊಳಗಿನ ಜೀಪುದಾರಿ ಎಷ್ಟೇ ಸುಂದರವಾಗಿದ್ದರೂ ಅದು ಇಲಾಖೆಯ ದಾರಿ. ನಮ್ಮ ಲೇಖನ ‘ಕಾಡಿನ ಸುತ್ತ’ ಎಂದದ್ದನ್ನು ನೀವು ‘ಕಾಡಿನೊಳಗೆ’ ಎಂದು ಓದಿದ್ದರೆ, ಗಡಿ ಎಲ್ಲಿದೆಯೆಂದು ನಾವು ಬರೆಯದಿದ್ದದ್ದೇ ಅದಕ್ಕೆ ಕಾರಣ. ತೋಳ, ಕತ್ತೆಕಿರುಬ, ಕೊಂಡುಕುರಿ ಉಳಿದಿರುವ, ಶ್ರೀಗಂಧ, ರಕ್ತಚಂದನದ ಮರಗಳಿರುವ ಕಾಡಿನಲ್ಲಿ ಅಪರಿಚಿತರನ್ನು ತಡೆದು ಕೇಳುವುದು ಅವರ ಕರ್ತವ್ಯವೂ ಹೌದು.

ಹಾಗೆಂದು ಚಿಂಚೋಳಿಯನ್ನು ಕೈಬಿಡಬೇಕಾಗಿಲ್ಲ. ಚಿಂಚೋಳಿಯಿಂದ ಕುಂಚಾವರಂ ಕಡೆಗೆ ಹೋಗುವ ರಸ್ತೆ ಗುಡ್ಡ ಹತ್ತಿ ಮರಗಳ ನಡುವೆ ಸಾಗುತ್ತದೆ. ಅದು ಡಾಂಬರೆಂದು ಮೂಗು ಮುರಿಯಬೇಡಿ; ಈ ಮೂರು ಜಿಲ್ಲೆಗಳಲ್ಲಿ ಅಷ್ಟು ಹೊತ್ತು ನೆರಳು ಕೊಡುವ ರಸ್ತೆಗಳು ಬೆರಳೆಣಿಕೆಯಷ್ಟು. ಚಂದ್ರಂಪಳ್ಳಿ ಜಲಾಶಯ, ಗೊಟ್ಟಂಗೊಟ್ಟ, ಎತ್ತಿಪೋತ ಜಲಪಾತ, ಈ ಹೆಸರುಗಳನ್ನು ಕೇಳಿಯೇ ಇರುತ್ತೀರಿ. ಅವುಗಳ ಪೈಕಿ ಯಾವುದಕ್ಕೆ ಯಾವ ದಿನ ಬಿಡುತ್ತಾರೆಂಬುದನ್ನು ಚಿಂಚೋಳಿಯ ವಲಯ ಅರಣ್ಯ ಕಚೇರಿಯಲ್ಲಿ ಮುಂಚಿತವಾಗಿ ವಿಚಾರಿಸಿಕೊಂಡು ಹೊರಡಿ. ವನ್ಯಜೀವಿಧಾಮದ ಹೊರಗಿರುವ ತಾಂಡಾಗಳನ್ನು ಒಂದಕ್ಕೊಂದು ಕೂಡಿಸುವ ಮುರುಮಿನ, ಅಂದರೆ ಕಲ್ಲುಪುಡಿ ಮಣ್ಣಿನ, ದಾರಿಗಳೇ ಅಲ್ಲಿನ ನಿಜವಾದ ಗ್ರಾವೆಲ್. ಒಂದು ತಾಂಡಾದಲ್ಲಿ ಮುಂದಿನ ತಾಂಡಾದ ಹೆಸರು ಹೇಳಿ ಹಾದಿ ಕೇಳುವುದು ಮೊಬೈಲ್ ನಕಾಶೆಗಿಂತ ಭರವಸೆಯ ಕ್ರಮ. ಹಳ್ಳದಲ್ಲಿ ನೀರು ಎಷ್ಟಿದೆಯೆಂಬ ಸುದ್ದಿ ಹಿಂದಿನ ದಿನ ದನ ಹೊಡೆದುಕೊಂಡು ಬಂದವರ ಬಳಿಯೇ ಇರುತ್ತದೆ.

ಯಾದಗಿರಿಯದು ಬೇರೆಯೇ ನೆಲ. ಅಲ್ಲಿ ಬಸಾಲ್ಟ್ ಮುಗಿದು ಗ್ರಾನೈಟು ಶುರುವಾಗುತ್ತದೆ, ಗುಡ್ಡಗಳು ಚಪ್ಪಟೆಯಲ್ಲ, ಬಂಡೆಯ ಮೇಲೆ ಬಂಡೆ. ಮಲಗಿದ ಬುದ್ಧನ ಆಕಾರದ ಶಹಾಪುರದ ಗುಡ್ಡ, ಸುರಪುರದ ಗುಡ್ಡಸಾಲು, ಇವುಗಳ ಬುಡದ ಗರಸು ದಾರಿಗಳು ಮಳೆಗಾಲದಲ್ಲೂ ಕಾಲು ಹಿಡಿಯುವುದಿಲ್ಲ. ಮರ ಕಡಿಮೆ, ಮುಳ್ಳುಕಂಟಿ ಹೆಚ್ಚು. ಕಾಡು ಬೇಕಿದ್ದರೆ ಗುರುಮಠಕಲ್ ಕಡೆಯ ಗುಡ್ಡಗಳಿಗೆ, ನಜರಾಪುರದ ದಬದಬಿ ಜಲಪಾತದ ದಿಕ್ಕಿಗೆ ಹೋಗಿ. ಜಲಪಾತ ನೋಡಲು ಮಳೆ ಬೇಕು, ದಾರಿಗೆ ಬಿಸಿಲು ಬೇಕು, ಹೀಗಾಗಿ ಮಳೆ ನಿಂತ ಮೂರು ನಾಲ್ಕು ದಿನಗಳ ಕಿರಿದಾದ ಅವಕಾಶವನ್ನು ಕಾಯಬೇಕು. ನಾರಾಯಣಪುರ ಕಾಲುವೆಯ ದಂಡೆಯ ದಾರಿಗಳನ್ನು ಕೆಲವರು ಹೊಗಳುತ್ತಾರೆ. ನನಗೆ ಅವು ಬೇಸರ ತಂದವು.

ನಿಮ್ಮ ಸೇಡಂ ಬಗ್ಗೆ ಹೆಚ್ಚು ಹೇಳುವುದಿಲ್ಲ, ನನಗಿಂತ ನೀವೇ ಬಲ್ಲಿರಿ. ಪದರ ಪದರದ ಸುಣ್ಣಕಲ್ಲಿನ ನೆಲ ಒಣಗಿದಾಗ ಚೆನ್ನ, ಒದ್ದೆಯಾದಾಗ ಸೋಪು; ಗಣಿ ದಾರಿಗಳಲ್ಲಿ ಲಾರಿಗಳ ಧೂಳು. ಯಾನಾಗುಂದಿಯ ಕಡೆ ಮಾತ್ರ ಗುಡ್ಡ, ಮರ ಎರಡೂ ಇವೆ. ಒಂದು ಭಾನುವಾರ ಆ ಕಡೆ ಹೋಗಿ ಬಂದು ನಮಗೆ ಬರೆಯಿರಿ.

ಕಾಲದ ಮಾತಿಗೆ ಬಂದರೆ, ಎರಿ ದಾರಿಗೆ ಸ್ವಾತಿ ಮಳೆ ಮುಗಿಯುವ ತನಕ, ಅಂದರೆ ನವೆಂಬರ್ ಮೊದಲ ವಾರದ ತನಕ, ಹೋಗಬಾರದು. ಎಳ್ಳಮಾವಾಸ್ಯೆಯ ಹೊತ್ತಿಗೆ ಊರಿಗೆ ಊರೇ ಭಜ್ಜಿ, ಸಜ್ಜೆ ರೊಟ್ಟಿ ಕಟ್ಟಿಕೊಂಡು ಬಂಡಿ, ಟ್ರ್ಯಾಕ್ಟರುಗಳಲ್ಲಿ ಹೊಲಕ್ಕೆ ಹೋಗುತ್ತದೆ; ಆ ಗಾಲಿಗಳು ತುಳಿದು ಸಮ ಮಾಡಿದ ಹಾದಿ ಮುಂದಿನ ಎರಡು ತಿಂಗಳು ಸಿಮೆಂಟಿಗೆ ಸಮ. ಆಗ ಅಪಾಯ ಬರುವುದು ಬೇರೆ ಕಡೆಯಿಂದ: ತೊಗರಿ ಕೊಯ್ದ ಹೊಲದಲ್ಲಿ ಓರೆಯಾಗಿ ಕತ್ತರಿಸಿದ ಕೂಳೆ ಮೊಳೆಯಂತೆ ನಿಂತಿರುತ್ತದೆ, ಅದು ಟೈರಿನ ಬದಿಯನ್ನೇ ಸೀಳುತ್ತದೆ. ಜಾಲಿ ಮುಳ್ಳಿನ ಸಣ್ಣ ತೂತನ್ನು ಟ್ಯೂಬ್‌ಲೆಸ್ ಟೈರಿನೊಳಗಿನ ದ್ರವ ತಾನೇ ಮುಚ್ಚುತ್ತದೆ, ಕೂಳೆಯ ಸೀಳನ್ನು ಮುಚ್ಚಲಾರದು. ಹೀಗಾಗಿ ಬದುವಿನ ಮೇಲೆ ಹೋಗಿ, ಹೊಲದೊಳಗೆ ಬೇಡ. ಬೆಳೆಯಿಲ್ಲದಿದ್ದರೂ ಅದು ಒಬ್ಬರ ಹೊಲವೇ. ನಮ್ಮ ಬಿಸಿಲಿಗೆ ಆ ದ್ರವ ಬೇಗ ಒಣಗುವುದರಿಂದ ಎರಡು ಮೂರು ತಿಂಗಳಿಗೊಮ್ಮೆ ತೆರೆದು ನೋಡಿ. 40 ಮಿಲಿಮೀಟರ್ ಅಗಲದ ಟೈರು, ಎಪ್ಪತ್ತು ಕಿಲೋ ತೂಕದ ಸವಾರರಾದರೆ 35 ಪಿಎಸ್‌ಐ ಆಸುಪಾಸಿನ ಗಾಳಿ ಮಸಾರಿಗೂ ಗರಸಿಗೂ ಹೊಂದುತ್ತದೆ. ಮಾರ್ಚ್ ನಡುವಿನ ನಂತರ ಬೆಳಗಿನ ಒಂಬತ್ತರೊಳಗೆ ನೆರಳು ಸೇರಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಉಷ್ಣತೆ 40 ಡಿಗ್ರಿ ದಾಟುವ ನಾಡಿದು.

ಸೈಕಲ್ಲುಗಳಿಗೆ ಮೆತ್ತಿದ ಎರಿಯನ್ನು ವಾಹನ ತೊಳೆಯುವ ಅಂಗಡಿಯ ಜೋರು ನೀರಿನಿಂದ ತೊಳೆಸಬಹುದೇ ಎಂದು ಪತ್ರದ ಕೊನೆಯಲ್ಲಿ ಕೇಳಿದ್ದೀರಿ. ಬೇಡ. ಆ ನೀರು ಗ್ರೀಸನ್ನು ದಾಟಿ ಬೇರಿಂಗಿನೊಳಗೆ ಮಣ್ಣನ್ನು ತಳ್ಳುತ್ತದೆ. ಎರಡು ದಿನ ಬಿಸಿಲಿಗೆ ನಿಲ್ಲಿಸಿ. ಹೊಲದಲ್ಲಿ ಬಿರಿಯುವಂತೆಯೇ ಅದು ಚೌಕಟ್ಟಿನ ಮೇಲೂ ಬಿರಿಯುತ್ತದೆ. ಅರ್ಧ ತಾನಾಗಿಯೇ ಉದುರುತ್ತದೆ, ಉಳಿದದ್ದನ್ನು ಬೇವಿನ ಕಡ್ಡಿಯಿಂದ ಕೆದರಿ ತೆಗೆದು, ಒದ್ದೆ ಬಟ್ಟೆಯಲ್ಲಿ ಒರೆಸಿ, ಸರಪಳಿಗೆ ಎಣ್ಣೆ ಹಾಕಿ.