ತೋಟದ ಪಂಪಿಗೆ ಸಿಮ್800ಎಲ್ ಸಾಕೇ?

ತೋಟದ ಪಂಪನ್ನು ಫೋನಿನಿಂದ ಚಾಲೂ ಮಾಡಲು ಸಿಮ್ ಹಾಕಿ ಮೊಬೈಲ್ ನೆಟ್‌ವರ್ಕಿಗೆ ಸೇರಿಸುವ ಅಗ್ಗದ ಮಾಡ್ಯೂಲ್ ಸಿಮ್800ಎಲ್ ಸಾಕೇ, ಆರ್ಡುಯಿನೊಗೆ (ಕೋಡ್ ಬರೆದು ನಡೆಸುವ ಪುಟ್ಟ ಕಂಟ್ರೋಲರ್ ಬೋರ್ಡಿಗೆ) ಜೋಡಿಸಿದರೆ ಅದು ಪದೇ ಪದೇ ರೀಸ್ಟಾರ್ಟ್ ಆಗುವುದೇಕೆ ಎಂದು ಕೇಳಿದ್ದೀರಿ. ಎರಡನೆಯದಕ್ಕೆ ಕಾರಣ ಬಹುಪಾಲು ವಿದ್ಯುತ್ ಪೂರೈಕೆಯೇ. ಈ ಮಾಡ್ಯೂಲ್‌ಗೆ 3.4ರಿಂದ 4.4 ವೋಲ್ಟ್ ಬೇಕು, ಟವರ್‌ಗೆ ಸಿಗ್ನಲ್ ಕಳಿಸುವ ಕ್ಷಣಗಳಲ್ಲಿ ಅದು 2 ಆಂಪಿಯರ್‌ವರೆಗೆ ಎಳೆಯುತ್ತದೆ; ಆರ್ಡುಯಿನೊದ 5 ವೋಲ್ಟ್ ಪಿನ್ನಿನಲ್ಲಿ ವೋಲ್ಟೇಜ್ ಹೆಚ್ಚು, ಕರೆಂಟ್ ಸಾಲದು. ವೋಲ್ಟೇಜ್ ಇಳಿಸುವ ಎಲ್‌ಎಂ2596 ಬಕ್ ಕನ್ವರ್ಟರನ್ನು 4 ವೋಲ್ಟಿಗೆ ಹೊಂದಿಸಿ, 1000 ಮೈಕ್ರೊಫ್ಯಾರಡ್ ಕೆಪಾಸಿಟರನ್ನು ಮಾಡ್ಯೂಲಿನ ವಿದ್ಯುತ್ ಪಿನ್ನುಗಳಿಗೆ ಆದಷ್ಟು ಹತ್ತಿರ ಬೆಸೆದು, ಎರಡೂ ಬೋರ್ಡುಗಳ ಗ್ರೌಂಡನ್ನು ಕಡ್ಡಾಯವಾಗಿ ಸೇರಿಸಿ. ಮಾಡ್ಯೂಲಿನ ಎಲ್‌ಇಡಿ ಸೆಕೆಂಡಿಗೊಮ್ಮೆ ಮಿನುಗುತ್ತಿದ್ದರೆ ನೆಟ್‌ವರ್ಕ್ ಇನ್ನೂ ಸಿಕ್ಕಿಲ್ಲ, ಮೂರು ಸೆಕೆಂಡಿಗೊಮ್ಮೆಯಾದರೆ ಸಿಕ್ಕಿದೆ.

ಆದರೆ ಇದು ಬರೀ 2ಜಿ ಮಾಡ್ಯೂಲ್. ಜಿಯೊ ಸಿಮ್ ಇದರಲ್ಲಿ ಕೆಲಸ ಮಾಡುವುದೇ ಇಲ್ಲ. ವರ್ಷಾನುಗಟ್ಟಲೆ ನಡೆಯಬೇಕಾದ ಕೆಲಸಕ್ಕೆ, ಬೆಲೆ ಹೆಚ್ಚಾದರೂ, 4ಜಿಯ ಎ7670ಸಿ ಕೊಳ್ಳುವುದೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ. ಮಾಡ್ಯೂಲಿಗೆ ಆದೇಶ ಕೊಡುವ ಎಟಿ ಕಮಾಂಡುಗಳು ಬಹುಮಟ್ಟಿಗೆ ಅವೇ ಇರುವುದರಿಂದ ನಿಮ್ಮ ಕೋಡ್ ವ್ಯರ್ಥವಾಗದು. ವಾಯ್ಸ್ (ಕರೆ ಸೌಲಭ್ಯ) ಇರುವ ಮಾದರಿಯೇ ಎಂದು ಮಾತ್ರ ಅಂಗಡಿಯಲ್ಲಿ ಕೇಳಿಕೊಳ್ಳಿ.

ಕಾಲಕ್ರಮದಲ್ಲಿ ಮಾಡ್ಯೂಲಿಗಿಂತ ಹೆಚ್ಚು ಖರ್ಚು ತರುವುದು ರೀಚಾರ್ಜ್. ಕರೆ ಬಂದಾಗ ನಂಬರ್ ತಿಳಿಸುವ ಕಮಾಂಡ್ ಎಟಿ+ಸಿಎಲ್‌ಐಪಿ=1 ಕೊಟ್ಟು, ಕರೆ ಮಾಡಿದವರ ನಂಬರ್ ನಿಮ್ಮದೇ ಎಂದು ಪರೀಕ್ಷಿಸಿ, ಎತ್ತದೆಯೇ ಕಟ್ ಮಾಡಿ, ಪಂಪಿನ ಸ್ವಿಚ್ಚಿನಂತಿರುವ ರಿಲೇ ಬದಲಿಸಿದರೆ ಡೇಟಾ ಬೇಕಾಗುವುದಿಲ್ಲ, ವ್ಯಾಲಿಡಿಟಿ ಉಳಿಸುವ ಕನಿಷ್ಠ ಪ್ಲಾನ್ ಸಾಕಾಗುತ್ತದೆ.