ಸುಮ್ಮನಿರಬೇಕಾದವರು ಯಾರು?

ಮುದ್ದೇಬಿಹಾಳದ ನಿವೃತ್ತ ಮಾಸ್ತರೊಬ್ಬರು ಬರೆದಿದ್ದಾರೆ: ‘ದೇವರೇ ಇಲ್ಲ ಎನ್ನುವವರ ಲೇಖನವನ್ನು ಹೋದ ತಿಂಗಳು ಹಾಕಿದ್ದೀರಿ. ನಂಬುವುದು ಬಿಡುವುದು ಅವರವರ ಇಷ್ಟ. ಅದನ್ನು ಊರಿಗೆಲ್ಲ ಸಾರುವುದು ಯಾಕೆ? ನಾಸ್ತಿಕರ ಹಟವೂ ಒಂದು ಮೂಢನಂಬಿಕೆಯೇ. ನಂಬದವರು ಮನೆಯಲ್ಲಿ ಸುಮ್ಮನಿರಲಿ. (ನನ್ನ ಹೆಸರು ಹಾಕಬೇಡಿ.)’

ಮಾಸ್ತರೇ, ನಿಮ್ಮ ದುಂಡಗಿನ ಅಕ್ಷರ ನೋಡಿಯೇ ಅರ್ಧ ಸಿಟ್ಟು ಇಳಿಯಿತು. ಕೈಯಲ್ಲಿ ಪತ್ರ ಬರೆಯುವವರು ಈಗ ಎಷ್ಟು ಜನ ಇದ್ದಾರೆ? ಒಂದು ಮಾತು ಒಪ್ಪಿಬಿಡುತ್ತೇನೆ. ನಾಸ್ತಿಕರಲ್ಲೂ ಹಟಮಾರಿಗಳಿದ್ದಾರೆ. ಮದುವೆ ಪಂಕ್ತಿಯಲ್ಲಿ ಹೋಳಿಗೆ ಬಡಿಸಲು ಬಂದವರನ್ನೂ ನಿಲ್ಲಿಸಿ ‘ದೇವರನ್ನು ತೋರಿಸಿ ನೋಡೋಣ’ ಎನ್ನುವ ಗೆಳೆಯ ನನಗೂ ಒಬ್ಬನಿದ್ದಾನೆ. ಅವನ ಪಕ್ಕ ಕೂರುವುದೆಂದರೆ ನನಗೂ ಬೇಜಾರು. ಆಯ್ತಲ್ಲ?

ಈಗ ಆ ‘ಸುಮ್ಮನಿರಲಿ’ಗೆ ಬರೋಣ. ಶ್ರಾವಣ ಬಂತೆಂದರೆ ನಮ್ಮ ಓಣಿಯಲ್ಲಿ ಬೆಳಗಿನ ನಾಲ್ಕೂವರೆಗೆ ಮೈಕು ಶುರು. ಮಗಳ ಪರೀಕ್ಷೆ ಇತ್ತು, ಸ್ವಲ್ಪ ಸದ್ದು ಇಳಿಸ್ರಪ್ಪಾ ಅಂತ ಕೇಳಲು ಹೋದೆ. ‘ಯಾಕ್ರೀ ಸಾಹೇಬ್ರ, ನೀವು ದೇವ್ರನ್ನ ನಂಬಂಗಿಲ್ಲೇನು?’ ಎಂದರು. ನಾನು ಕೇಳಿದ್ದು ಸದ್ದಿನ ಮಾತು, ಬಂದದ್ದು ದೇವರ ಮಾತು. ಮೈಕಿನವರಿಗೆ ಸುಮ್ಮನಿರಿ ಎಂದು ನೀವು ಯಾವಾಗಲಾದರೂ ಪತ್ರ ಬರೆದದ್ದುಂಟಾ?

2011ರ ಜನಗಣತಿಯಲ್ಲಿ ನಾಸ್ತಿಕ ಎಂದು ಬರೆಸಿದವರು ಇಡೀ ದೇಶದಲ್ಲಿ ಸುಮಾರು 33 ಸಾವಿರ. ನಮ್ಮ ವಿಜಯಪುರದ ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಗೆ ಅಷ್ಟೂ ಜನರನ್ನು ಬಿಟ್ಟರೆ ಹುಡುಕಿದರೂ ಸಿಗಲಿಕ್ಕಿಲ್ಲ. ಇಷ್ಟು ಜನ ಬಾಯಿ ತೆಗೆದರೆ ಅಲುಗಾಡುವಷ್ಟು ಸಡಿಲವೇ ನಮ್ಮ ನಂಬಿಕೆ?

1995ರ ಸೆಪ್ಟೆಂಬರ್ 21 ನೆನಪಿದೆಯಾ? ಗಣಪ ಹಾಲು ಕುಡಿದ ದಿನ. ನಾನೂ ತಂಬಿಗೆ ಹಿಡಿದು ಪಾಳಿ ಹಚ್ಚಿದ್ದೆ. ಚಮಚವನ್ನು ಸೊಂಡಿಲಿಗೆ ಮುಟ್ಟಿಸಿದೆ, ಹಾಲು ಖಾಲಿ! ಮೈ ಜುಮ್ಮೆಂದಿತು. ಆಮೇಲೆ ಕೆಳಗೆ ನೋಡಿದೆ. ಕಲ್ಲಿನ ಹೊಟ್ಟೆಯ ಮೇಲೆ ದಾರದಷ್ಟು ಸಣ್ಣ ಬಿಳಿ ಗೆರೆ. ಅದು ಪಾದದ ಹತ್ತಿರ ಇಳಿದು, ಹೂವಿನ ಅಡಿಯಿಂದ ಹಾದು, ಮೋರಿ ಸೇರುತ್ತಿತ್ತು. ‘ಹಾಲು ಹರದು ಹೊಂಟೈತಿ ನೋಡ್ರಿ’ ಎಂದೆ. ಹಿಂದಿನವರು ಬೆನ್ನಿಗೆ ಮೊಣಕೈ ಕೊಟ್ಟು ‘ಸುಮ್ನ ಮುಂದ ನಡಿ’ ಎಂದರು. ವಿಜ್ಞಾನಿಗಳು ಹಾಲಿಗೆ ಬಣ್ಣ ಬೆರೆಸಿ, ಅದು ಮೇಲ್ಮೈ ಎಳೆತದಿಂದ ಕಲ್ಲಿಗೆ ಅಂಟಿಕೊಂಡು ಇಳಿಯುವುದನ್ನು ತೋರಿಸಿದರು. ನನಗೆ ಅಷ್ಟು ಹೊತ್ತಿಗಾಗಲೇ ಮೊಣಕೈ ಪಾಠ ಆಗಿತ್ತು.

ಕಲ್ಲಿನ ನಾಗರಕ್ಕೆ ಹಾಲೆರೆದು ನಿಜದ ನಾಗರ ಕಂಡರೆ ಕೊಲ್ಲಿರೆನ್ನುವವರನ್ನು 12ನೇ ಶತಮಾನದಲ್ಲೇ ಹಂಗಿಸಿದವರು ನಿಮ್ಮ ಪಕ್ಕದ ಬಾಗೇವಾಡಿಯವರು. ಬಸವಣ್ಣ ನಾಸ್ತಿಕರಲ್ಲ, ಗೊತ್ತು. ಆದರೆ ಸುಮ್ಮನಿದ್ದರಾ?

ಅಷ್ಟು ದೂರ ಯಾಕೆ? 2023ರ ಜನವರಿ 2ರಂದು ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ ಹೋದರು. ದೇಹವನ್ನು ಹೂಳಬೇಡಿ, ಸುಡಿ, ಶ್ರಾದ್ಧ ಬೇಡ, ಸ್ಮಾರಕ ಬೇಡ ಎಂದು ಮೊದಲೇ ಬರೆದಿಟ್ಟಿದ್ದರು. ನಾವೆಲ್ಲ ಕಣ್ಣೊರೆಸಿಕೊಂಡು ‘ಎಂಥಾ ವೈರಾಗ್ಯ’ ಎಂದೆವು. ಅದೇ ಮಾತನ್ನು ದೇವರಿಲ್ಲ ಎನ್ನುವ ಕಾಲೇಜು ಮೇಷ್ಟ್ರೊಬ್ಬರು ಹೇಳಲಿ, ‘ಸೊಕ್ಕು’ ಎನ್ನುತ್ತೇವೆ. ಮಾತು ಒಂದೇ, ಅಂಗಿ ಬೇರೆ.

ಹಟ ಎರಡೂ ಕಡೆ ಇದೆ ಅಂತೀರಿ. ಸಿಂದಗಿ ತಾಲೂಕಿನ ಯರಗಲ್ಲಿನ ಎಂ.ಎಂ. ಕಲಬುರ್ಗಿ ದೇವರಿಲ್ಲ ಎಂದು ಸಾರಿಕೊಂಡು ತಿರುಗಿದವರಲ್ಲ. ವಚನ, ಶಾಸನ ಅಂತ ಬದುಕೆಲ್ಲ ಓದಿನಲ್ಲೇ ಕಳೆದವರು. 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದ ಅವರ ಮನೆ ಬಾಗಿಲಿಗೇ ಬಂದು ಗುಂಡು ಹೊಡೆದು ಕೊಂದರು. ನನ್ನ ಗೆಳೆಯನ ಹಟದಿಂದ ಹೋಳಿಗೆ ಆರುತ್ತದೆ, ಅಷ್ಟೇ.

ಬಾಯಿಗೆ ಬಂದಮೇಲೆ ಇದನ್ನೂ ಹೇಳಿಬಿಡುತ್ತೇನೆ. ಬಾಗಲಕೋಟೆಯ ನವನಗರದಲ್ಲಿ ನೆಂಟರೊಬ್ಬರು ಮನೆ ಕಟ್ಟಿಸಿದರು. ಗೇಟಿನ ಗ್ರಾನೈಟಿನಲ್ಲಿ ‘ಕಾಯಕವೇ ಕೈಲಾಸ’. ಅದರ ಮೇಲೆ ಬೂದಗುಂಬಳ, ಪಕ್ಕದಲ್ಲಿ ನಾಲಿಗೆ ಚಾಚಿದ ರಾಕ್ಷಸನ ಮುಖ. ಒಳಗೆ ಗೌಂಡಿ ಅಡುಗೆಮನೆ ಕಟ್ಟೆ ಒಡೆಯುತ್ತಿದ್ದ. ‘ಮೂರನೇ ಸಲ ಒಡ್ಯಾಕತ್ತೀನ್ರಿ. ದಿಕ್ಕು ತಪ್ಪೈತಂತ. ನನಗೇನ್ರಿ, ಪಗಾರ ಬರ್ತೈತಿ’ ಎಂದು ನಕ್ಕ. ವಚನ ಈಗ ಟೈಲ್ಸಿನ ಜೊತೆ ಬರುವ ಅಲಂಕಾರ ಆಗಿದೆ. ಓದಿದವರು ಯಾರು?

ಮಾಸ್ತರೇ, ನಲವತ್ತು ವರ್ಷ ಮಕ್ಕಳಿಗೆ ‘ಕೈ ಎತ್ತಿ ಪ್ರಶ್ನೆ ಕೇಳಿ’ ಅಂದವರು ನೀವು. ಲೇಖನ ತಪ್ಪು ಅನಿಸಿದರೆ ಎಲ್ಲಿ ತಪ್ಪು ಎಂದು ಎರಡು ಪುಟ ಬರೆಯಿರಿ. ಒಂದಕ್ಷರ ಕತ್ತರಿಸದೆ ಹಾಕುತ್ತೇನೆ. ಆದರೆ ಈ ಸಲ ಹೆಸರು ಹಾಕಬೇಕು. ಆ ಲೇಖಕರು ಹಾಕಿದ್ದರು, ಊರಿನ ಹೆಸರನ್ನೂ ಸೇರಿಸಿ.