ಆರಾಧನಾ ನಾಯಕರ ಬಳಗ ಮತ್ತು ಅದನ್ನು ಕಟ್ಟಿದವರ ದಣಿವು

ಆಪ್ತಸಮಾಲೋಚಕಿಯಾಗಿ ನಾನು ಕಂಡ ಈ ಪ್ರಕರಣವನ್ನು ಬರೆಯಲು ಸಂಬಂಧಪಟ್ಟವರ ಒಪ್ಪಿಗೆ ಪಡೆದಿದ್ದೇನೆ. ಅವರನ್ನು ಗುರುತಿಸಬಹುದಾದ ವಿವರಗಳಲ್ಲಿ ಕೆಲವನ್ನು ಬಿಟ್ಟಿದ್ದೇನೆ, ಕೆಲವನ್ನು ಬದಲಿಸಿದ್ದೇನೆ. ನಲವತ್ತರ ಆಸುಪಾಸಿನ ಈ ವ್ಯಕ್ತಿ ತಮ್ಮ ಕ್ರೈಸ್ತ ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ಬಹಳ ವರ್ಷಗಳಿಂದ ಹಾಡುಗಳ ಮೂಲಕ ಆರಾಧನೆ ನಡೆಸುತ್ತಿದ್ದವರು. ಜೀವನಕ್ಕೆ ಬೇರೆ ಉದ್ಯೋಗವಿದೆ, ಸಭೆಯ ಸೇವೆಗೆ ಸಂಬಳವಿಲ್ಲ. ಪತ್ನಿಯ ಒತ್ತಾಯಕ್ಕೆ ಮಣಿದು ಬಂದಿದ್ದ ಅವರು ಮೊದಲ ಭೇಟಿಯಲ್ಲಿ ಹೇಳಿಕೊಂಡದ್ದು ಎರಡು ತೊಂದರೆಗಳನ್ನು. ರಾತ್ರಿ ನಿದ್ರೆ ಹತ್ತುವುದಿಲ್ಲ. ಭಾನುವಾರ ಬಾಯಿ ಹಾಡುತ್ತದೆ, ಒಳಗೆ ಏನೂ ಇರುವುದಿಲ್ಲ. ದೇವರ ಮುಂದೆ ನಿಂತು ಸುಳ್ಳಾಡುತ್ತಿದ್ದೇನೆ ಎಂಬ ಅಪರಾಧಭಾವ ಅವರನ್ನು ನಿದ್ರೆಗೇಡಿಗಿಂತ ಹೆಚ್ಚು ಕಾಡುತ್ತಿತ್ತು.

ಮಾತು ಮುಂದುವರಿದಂತೆ ಇವೆರಡರ ಹಿಂದಿದ್ದ ಸಂಗತಿ ಹೊರಬಂತು. ಕೆಲವು ವರ್ಷಗಳ ಹಿಂದೆ ಅವರು ಬೇರೆ ಬೇರೆ ಸಭೆಗಳ ಆರಾಧನಾ ನಾಯಕರು, ಗಾಯಕರು, ಕೀಬೋರ್ಡ್, ಗಿಟಾರ್, ಡ್ರಮ್ಸ್ ನುಡಿಸುವವರು ಹಾಗೂ ಸೌಂಡ್ ನೋಡಿಕೊಳ್ಳುವವರಿಗಾಗಿ ಒಂದು ಆನ್‌ಲೈನ್ ಬಳಗವನ್ನು ಆರಂಭಿಸಿದ್ದರು. ಆರಂಭಿಸಲು ಕಾರಣವಾದದ್ದು ಅವರ ಒಂಟಿತನ. ಪ್ರತಿ ವಾರ ಅಷ್ಟು ಜನರೆದುರು ನಿಲ್ಲುವವರಿಗೆ ಎಂಥ ಒಂಟಿತನ ಎಂದು ಹೊರಗಿನವರಿಗೆ ಅನ್ನಿಸಬಹುದು. ಆದರೆ ಆ ಸ್ಥಾನವೇ ಅಂಥದ್ದು. ತಂಡದ ಗೆಳೆಯರಲ್ಲಿ ಈ ವಾರ ಯಾರು ಹಾಡಬೇಕು, ಯಾರು ಬೇಡ ಎಂದು ತೀರ್ಮಾನಿಸಬೇಕಾದವರೂ ತಾವೇ ಆದ್ದರಿಂದ ಅವರೊಡನೆ ಮನಸ್ಸು ಬಿಚ್ಚುವುದು ಕಷ್ಟ. ಸಭಾಪಾಲಕರು (ಪಾಸ್ಟರ್) ಮೇಲ್ವಿಚಾರಕರೂ ಆಗಿರುವುದರಿಂದ ಅವರ ಮುಂದೆ ದಣಿವನ್ನು ಒಪ್ಪಿಕೊಂಡರೆ ಸೇವೆಯೇ ಕೈತಪ್ಪೀತು ಎಂಬ ಅಳುಕು. ಇನ್ನು ಸಭಿಕರು ಆರಾಧನೆ ಮುಗಿದ ಮೇಲೆ ಹೇಳುವುದು ಸೌಂಡ್ ಹೆಚ್ಚಾಯಿತು ಎಂದೋ ಹಾಡು ಚೆನ್ನಾಗಿತ್ತು ಎಂದೋ, ಅಷ್ಟೇ. ತನ್ನ ಕೆಲಸವನ್ನು ಬಲ್ಲ, ಆದರೆ ತನ್ನ ಸಭೆಯವರಲ್ಲದ ನಾಲ್ಕು ಜನ ಬೇಕು ಎಂಬ ಅವರ ಹಂಬಲ ನನಗೆ ಸರಿಯಾಗಿಯೇ ಕಂಡಿತು, ಈಗಲೂ ಸರಿಯೆಂದೇ ಕಾಣುತ್ತದೆ.

ಬಳಗ ಬೆಳೆಯಿತು. ಬೆರಳೆಣಿಕೆಯಷ್ಟಿದ್ದವರು ನೂರಾರಾದರು. ಹಾಡಿನ ಕಾರ್ಡ್‌ಗಳನ್ನು (ಒಟ್ಟಿಗೆ ನುಡಿಸುವ ಸ್ವರಗುಚ್ಛಗಳನ್ನು) ಬೇರೆ ಸ್ಕೇಲಿಗೆ ಬದಲಿಸಿಕೊಡಿ ಎಂಬ ಕೋರಿಕೆ ಶನಿವಾರ ನಡುರಾತ್ರಿ ಬರುತ್ತಿತ್ತು. ಹಳೆಯ ಕೀರ್ತನೆಗಳನ್ನು ಬಿಟ್ಟು ಹೊಸ ಹಾಡುಗಳನ್ನು ಹಾಡುವುದು ಸರಿಯೇ ಎಂಬ ಜಗಳ ಬೆಳಗಿನವರೆಗೂ ನಡೆಯುತ್ತಿತ್ತು. ಸೇವೆಯನ್ನೇ ಬಿಟ್ಟುಬಿಡುತ್ತೇನೆ ಎನ್ನುವವರು, ಬದುಕೇ ಸಾಕಾಗಿದೆ ಎನ್ನುವವರು ಇವರಿಗೆ ಖಾಸಗಿಯಾಗಿ ಬರೆಯುತ್ತಿದ್ದರು. ಎಲ್ಲಕ್ಕೂ ಇವರೊಬ್ಬರೇ ಉತ್ತರಿಸುತ್ತಿದ್ದರು. ಇದರ ನಡುವೆ ಒಬ್ಬ ಯುವ ಗಿಟಾರ್ ವಾದಕ ತನ್ನ ಸಭಾಪಾಲಕರೊಡನೆ ಬಂದ ಮನಸ್ತಾಪವನ್ನು ಬಳಗದಲ್ಲಿ ನಂಬಿಕೆಯಿಂದ ಬರೆದುಕೊಂಡ. ಸದಸ್ಯರಲ್ಲಿ ಯಾರೋ ಅದರ ಸ್ಕ್ರೀನ್‌ಶಾಟ್ ತೆಗೆದು ಆ ಸಭಾಪಾಲಕರಿಗೇ ಕಳಿಸಿದರು. ಹುಡುಗನನ್ನು ತಂಡದಿಂದ ಕೈಬಿಡಲಾಯಿತು. ಇವರ ನಿದ್ರೆ ಕೆಟ್ಟದ್ದು ಅಲ್ಲಿಂದಾಚೆಗೆ. “ಆ ಮನೆಯ ಬಾಗಿಲು ತೆರೆದವನು ನಾನು ಮೇಡಂ, ಒಳಗೆ ಕರೆದವನೂ ನಾನೇ” ಎಂದರು.

ಮೊದಲು ಮಾಡಬೇಕಾದದ್ದನ್ನು ಮೊದಲು ಮಾಡಿದೆವು. ನಿದ್ರಾಹೀನತೆ ಮತ್ತು ಭಾವಶೂನ್ಯತೆ ಖಿನ್ನತೆಯ ಲಕ್ಷಣಗಳೂ ಆಗಿರಬಹುದು, ದೈಹಿಕ ಕಾಯಿಲೆಯಿಂದಲೂ ಬರಬಹುದು; ಆದ್ದರಿಂದ ವೈದ್ಯರ ತಪಾಸಣೆ ಆಗಲೇಬೇಕೆಂದು ಹೇಳಿದೆ. ಪ್ರಾರ್ಥನೆ ಸಾಕಲ್ಲವೇ ಎಂದು ಅವರು ಕೇಳಿದರು. ಪ್ರಾರ್ಥಿಸಿಯೇ ಹೋಗಿ, ಆದರೆ ಹೋಗಿ ಎಂದೆ. ಸಾಯುವ ಯೋಚನೆಗಳಿವೆಯೇ ಎಂದು ನೇರವಾಗಿ ಕೇಳಿದೆ, ಇರಲಿಲ್ಲ. ವೈದ್ಯರ ವರದಿ ಬಂದ ಮೇಲೆ, ಇದು ಮುಖ್ಯವಾಗಿ ಸೇವೆಯ ಹೊರೆಯಿಂದ ಬಂದ ಬಳಲಿಕೆ ಎಂಬ ನಿಲುವಿಗೆ ಬಂದೆ. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಅಂಗೀಕಾರಗೊಂಡ ತನ್ನ ರೋಗವರ್ಗೀಕರಣದಲ್ಲಿ ಇಂಥ ಬಳಲಿಕೆಯನ್ನು ಕಾಯಿಲೆಯೆನ್ನದೆ ಉದ್ಯೋಗಕ್ಕೆ ಸಂಬಂಧಿಸಿದ ಸ್ಥಿತಿಯೆಂದು ಗುರುತಿಸಿ ಮೂರು ಲಕ್ಷಣಗಳನ್ನು ಹೇಳುತ್ತದೆ: ಶಕ್ತಿ ಬತ್ತಿಹೋದ ಭಾವನೆ, ಕೆಲಸದಿಂದ ಮನಸ್ಸು ದೂರ ಸರಿಯುವುದು, ಮಾಡಿದ್ದು ಏನೂ ಫಲಿಸುತ್ತಿಲ್ಲವೆಂಬ ಅನಿಸಿಕೆ. ಮೂರೂ ಇವರಲ್ಲಿದ್ದವು. ಸಂಬಳವಿಲ್ಲದ ಸೇವೆಗೆ ಇದು ಅನ್ವಯಿಸುವುದೇ ಎಂಬ ಅವರ ಸಂಶಯಕ್ಕೆ, 1974ರಲ್ಲಿ ಮನಶ್ಶಾಸ್ತ್ರಜ್ಞ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ ಈ ಸ್ಥಿತಿಯನ್ನು ವಿವರಿಸಿದ್ದು ಉಚಿತ ಚಿಕಿತ್ಸಾಲಯಗಳಲ್ಲಿ ದುಡಿಯುತ್ತಿದ್ದವರನ್ನು, ಅದರಲ್ಲೂ ಸ್ವಯಂಸೇವಕರನ್ನು ಕಂಡೇ ಎಂದು ತಿಳಿಸಿದೆ. ಮನಃಪೂರ್ವಕವಾಗಿ ಕೊಡುವವರೇ ಇದಕ್ಕೆ ಬೇಗ ಸಿಕ್ಕಿಬೀಳುತ್ತಾರೆ. ಇದನ್ನು ಕೇಳಿ ಅವರಿಗಾದ ಸಮಾಧಾನ ಮುಖದಲ್ಲೇ ಕಾಣಿಸಿತು. ತಮ್ಮ ವಿಶ್ವಾಸವೇ ಸತ್ತಿದೆ ಎಂದು ಅವರು ಅಷ್ಟು ದಿನ ನಂಬಿದ್ದರು.

ನಂತರದ ಭೇಟಿಯೊಂದರಲ್ಲಿ ನಾನು ಕೇಳಿದ ಪ್ರಶ್ನೆ, ನೀವು ನಿದ್ರೆ ಮಾಡುತ್ತಿಲ್ಲವೆಂಬುದು ಆ ಬಳಗದಲ್ಲಿ ಯಾರಿಗೆ ಗೊತ್ತು ಎಂಬುದು. ಬಹಳ ಹೊತ್ತು ಸುಮ್ಮನಿದ್ದು, “ಯಾರಿಗೂ ಗೊತ್ತಿಲ್ಲ. ನಾನು ಅಡ್ಮಿನ್ ಅಲ್ಲವೇ ಮೇಡಂ” ಎಂದರು. ಪ್ರಕರಣದ ತಿರುಳು ಈ ಉತ್ತರದಲ್ಲಿತ್ತು. ತಮ್ಮ ಒಂಟಿತನ ನೀಗಲೆಂದು ಕಟ್ಟಿದ ಬಳಗದಲ್ಲಿ ಅವರು ಎಲ್ಲರ ಕಷ್ಟ ಕೇಳುವವರಾಗಿದ್ದರೇ ಹೊರತು ಸದಸ್ಯರಾಗಿರಲೇ ಇಲ್ಲ. ಸಭೆಯ ವೇದಿಕೆಯ ಮೇಲಿದ್ದಾಗ ಇದ್ದ ದೂರ ಇಲ್ಲಿಯೂ ಹಾಗೆಯೇ ಉಳಿದಿತ್ತು. ಬಳಗ ಬೆಳೆದಷ್ಟೂ ಆ ದೂರ ಹೆಚ್ಚಿತ್ತು, ಏಕೆಂದರೆ ನೂರಾರು ಜನರೆದುರು ಯಾರೂ ತಮ್ಮ ಸೋಲನ್ನು ಹೇಳಿಕೊಳ್ಳುವುದಿಲ್ಲ. ಅಲ್ಲಿ ಹಂಚಿಕೆಯಾಗುತ್ತಿದ್ದದ್ದು ಚೆನ್ನಾಗಿ ಬಂದ ಭಾನುವಾರಗಳ ವಿಡಿಯೊಗಳು. ಅವನ್ನು ನೋಡಿ ಚಿಕ್ಕ ಸಭೆಗಳ ವಾದಕರು ಕುಗ್ಗುತ್ತಿದ್ದರು, ಇವರೂ ಕುಗ್ಗುತ್ತಿದ್ದರು.

ನಾನು ದೇವಶಾಸ್ತ್ರ ಕಲಿತವಳಲ್ಲ. ಆದರೆ ಎದುರಿಗೆ ಕುಳಿತವರು ಯಾವ ನಂಬಿಕೆಯಿಂದ ಬಲ ಪಡೆಯುತ್ತಾರೋ ಅದರೊಳಗಿಂದಲೇ ದಾರಿ ಹುಡುಕುವುದು ಈ ವೃತ್ತಿಯ ಶಿಸ್ತು. ಸತ್ಯವೇದದಲ್ಲಿ (ಬೈಬಲ್‌ನಲ್ಲಿ) ಹಾಡುವವರ ವ್ಯವಸ್ಥೆಯ ಕುರಿತು ಏನಿದೆ ಎಂದು ಅವರನ್ನೇ ಕೇಳಿದಾಗ 1 ಪೂರ್ವಕಾಲವೃತ್ತಾಂತದ 25ನೆಯ ಅಧ್ಯಾಯವನ್ನು ತೆರೆದರು. ದಾವೀದ ಅರಸನ ಕಾಲದ ಗಾಯಕ ಮುಖ್ಯಸ್ಥರಾದ ಆಸಾಫ, ಹೇಮಾನ, ಯೆದುತೂನರ ಮಕ್ಕಳಲ್ಲಿ ಪರಿಣತರಾದ ಗಾಯಕರು 288 ಮಂದಿ. ಅವರನ್ನು ತಲಾ ಹನ್ನೆರಡು ಜನರ 24 ವರ್ಗಗಳಾಗಿ ಹಂಚಿ, ಹಿರಿಯ ಕಿರಿಯ, ಗುರು ಶಿಷ್ಯ ಎಂಬ ಭೇದವಿಲ್ಲದೆ ಚೀಟುಹಾಕಿ ಸರದಿ ಗೊತ್ತುಮಾಡಲಾಯಿತು. ಈ ಅಧ್ಯಾಯವನ್ನು ಎಷ್ಟೋ ಸಲ ಓದಿದ್ದ ಅವರು ಅಂದು ಮೊದಲ ಬಾರಿಗೆ, ಸರದಿಯೆಂದರೆ ಉಳಿದವರಿಗೆ ಬಿಡುವು ಎಂಬುದನ್ನು ಗಮನಿಸಿದರು. ಅರಣ್ಯಕಾಂಡದ 8ನೆಯ ಅಧ್ಯಾಯದಲ್ಲಿ, ದೇವರ ಸೇವೆಗೆ ಮೀಸಲಾದ ಲೇವಿ ಕುಲದವರು ಐವತ್ತನೆಯ ವಯಸ್ಸಿಗೆ ಸೇವೆಯಿಂದ ನಿವೃತ್ತರಾಗಿ ಸಹೋದರರಿಗೆ ನೆರವಾಗುತ್ತ ಇರಬೇಕೆಂಬ ವಿಧಿಯಿದೆ. ಬೆಳಗಿನಿಂದ ಸಂಜೆಯವರೆಗೆ ಒಬ್ಬನೇ ಜನರ ವ್ಯಾಜ್ಯ ಕೇಳುತ್ತಿದ್ದ ಮೋಶೆಗೆ ಅವನ ಮಾವ ಇತ್ರೋ ಕೊಟ್ಟ ಸಲಹೆಯನ್ನು ನಾನು ನೆನಪಿಸಬೇಕಾಗಲಿಲ್ಲ. ಅವರೇ ವಿಮೋಚನಕಾಂಡದ 18ನೆಯ ಅಧ್ಯಾಯಕ್ಕೆ ಬಂದರು, ಸಾವಿರ, ನೂರು, ಐವತ್ತು, ಹತ್ತು ಜನರಿಗೊಬ್ಬ ಅಧಿಪತಿಯನ್ನು ನೇಮಿಸಿ ಹೊರೆ ಇಳಿಸುವ ಹಂಚಿಕೆಯನ್ನು ಬೆರಳಿನಿಂದ ತೋರಿಸಿದರು.

ಬಳಗವನ್ನು ಎಂಟರಿಂದ ಹನ್ನೆರಡು ಜನರ ಚಿಕ್ಕ ವೃಂದಗಳಾಗಿ ಒಡೆಯುವುದು, ಒಂದೇ ಸಭೆಯ ಇಬ್ಬರು ಒಂದೇ ವೃಂದದಲ್ಲಿ ಇರದಂತೆ ನೋಡಿಕೊಳ್ಳುವುದು ನಾವು ಸೇರಿ ಮಾಡಿದ ಮೊದಲ ತೀರ್ಮಾನ. ದೊಡ್ಡ ಗುಂಪು ಹಾಡು, ವಾದ್ಯ, ಸೌಂಡ್ ಕುರಿತ ಪ್ರಶ್ನೆಗಳಿಗೆ ಮಾತ್ರ ಮೀಸಲು. ಮನಸ್ಸಿನ ಮಾತಿಗೆ ಚಿಕ್ಕ ವೃಂದ, ಅದೂ ಬರೆಹದಲ್ಲಿ ಅಲ್ಲ, ಮುಖ ನೋಡಿ ವಿಡಿಯೊ ಕರೆಯಲ್ಲಿ. ಬರೆದದ್ದನ್ನು ಬೇರೆಡೆಗೆ ಕಳಿಸುವುದು ಎಷ್ಟು ಸುಲಭವೆಂದು ಆ ಹುಡುಗನ ಪ್ರಸಂಗ ತೋರಿಸಿತ್ತು. ವಿಡಿಯೊ ಕರೆಯಲ್ಲಿ ಎಲ್ಲರೂ ಒಟ್ಟಿಗೆ ಹಾಡಬೇಕೆಂದು ಇವರು ಹಿಂದೆ ಹಲವು ಸಲ ಯತ್ನಿಸಿ, ತಾಳ ತಪ್ಪಿ ಗದ್ದಲವಾದಾಗ ತಮ್ಮ ನಾಯಕತ್ವದ ಕೊರತೆಯೆಂದು ನೊಂದಿದ್ದರು. ಅದು ನಾಯಕತ್ವದ ಮಾತೇ ಅಲ್ಲ. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ, ಅಂದರೆ ಹತ್ತು ಮೀಟರ್ ಆಚೆ ನಿಂತ ವಾದಕನ ಸ್ವರ ನಮಗೆ ಸುಮಾರು 30 ಮಿಲಿಸೆಕೆಂಡ್ ತಡವಾಗಿ ಕೇಳುತ್ತದೆ. ಅದಕ್ಕಿಂತ ಹೆಚ್ಚು ತಡವಾದಂತೆ ಜೊತೆಗೆ ನುಡಿಸುವುದು ಕಷ್ಟವಾಗುತ್ತ ಹೋಗುತ್ತದೆ. ಸಾಮಾನ್ಯ ವಿಡಿಯೊ ಕರೆಯ ವಿಳಂಬ ಇದಕ್ಕಿಂತ ಎಷ್ಟೋ ಹೆಚ್ಚು. ಒಬ್ಬರು ಹಾಡಲಿ, ಉಳಿದವರು ಮೈಕ್ ಮುಚ್ಚಿ ತಮ್ಮ ತಮ್ಮ ಮನೆಯಲ್ಲಿ ಜೊತೆಗೂಡಿ ಹಾಡಲಿ ಎಂದೆ. ಅಷ್ಟು ಸಾಕಾಯಿತು.

ವೃಂದಗಳಲ್ಲಿ ಮಾತು ಆರಂಭಿಸಲು ಚೆನ್ನಾಗಿ ಬಂದ ವಿಡಿಯೊದ ಬದಲು, ಈ ತಿಂಗಳು ಆರಾಧನೆಯಲ್ಲಿ ನಿಮಗೆ ಕಷ್ಟವಾದದ್ದು ಯಾವುದು ಎಂಬ ಪ್ರಶ್ನೆ ಇರಲಿ ಎಂದು ಸೂಚಿಸಿದೆ. ಮೊದಲು ಉತ್ತರಿಸಬೇಕಾದವರು ತಾವೇ ಎಂದು ತಿಳಿದು ಅವರು ಹಿಂಜರಿದರು. ಸತ್ಯವೇದದ ಕೀರ್ತನೆಗಳ ಪುಸ್ತಕದ 73ನೆಯ ಅಧ್ಯಾಯ ಆಗ ನೆರವಿಗೆ ಬಂತು. ಆಸಾಫನ ಹೆಸರಿನಲ್ಲಿರುವ ಆ ಕೀರ್ತನೆಯಲ್ಲಿ ಹಾಡುವವನು ಇತರರ ಏಳಿಗೆ ಕಂಡು ಹೊಟ್ಟೆಕಿಚ್ಚುಪಟ್ಟದ್ದನ್ನೂ ತನ್ನ ಕಾಲು ಇನ್ನೇನು ಜಾರಿತ್ತು ಎಂಬುದನ್ನೂ ಮರೆಮಾಚದೆ ಹೇಳಿಕೊಳ್ಳುತ್ತಾನೆ. ಗಾಯಕರ ಮುಖ್ಯಸ್ಥನ ಹೆಸರಿನ ಹಾಡಿನಲ್ಲಿ ಇಷ್ಟಕ್ಕೆ ಜಾಗವಿದ್ದರೆ ತಮ್ಮ ನಿದ್ರೆಗೆಟ್ಟ ರಾತ್ರಿಗಳನ್ನು ಹೇಳಿಕೊಳ್ಳಲು ತಮಗೂ ಜಾಗವುಂಟು ಎಂದು ಅವರಿಗೆ ಅನ್ನಿಸಿತು.

ಜೀವ ಕಳೆದುಕೊಳ್ಳುವ ಮಾತಾಡುವ ಸದಸ್ಯರ ವಿಷಯದಲ್ಲಿ ನಾನು ಯಾವ ಸಡಿಲಿಕೆಯನ್ನೂ ಬಿಡಲಿಲ್ಲ. ಅಂಥವರಿಗೆ ರಾತ್ರಿಯಿಡೀ ಸಂದೇಶ ಬರೆಯುತ್ತ ಕೂರುವುದು ಪ್ರೀತಿಯೇ ಹೌದು, ಆದರೆ ಅಷ್ಟೇ ಸಾಲದು. ಇಬ್ಬರು ಹಿರಿಯ ಸದಸ್ಯರು ಇದರ ಹೊಣೆ ಹೊರಬೇಕು; ಆ ವ್ಯಕ್ತಿಯ ಹತ್ತಿರವಿರುವ ಒಬ್ಬರನ್ನು ಕೂಡಲೇ ಸಂಪರ್ಕಿಸಬೇಕು; ಅವರಿರುವ ಕಡೆಯ ತುರ್ತು ಸೇವೆ ಅಥವಾ ಮಾನಸಿಕ ಆರೋಗ್ಯ ಸಹಾಯವಾಣಿಗೆ ತಲುಪಿಸಬೇಕು; ಪ್ರಾಣಾಪಾಯವಿದ್ದಾಗ ಗುಟ್ಟು ಕಾಯುವ ಮಾತು ನಡೆಯುವುದಿಲ್ಲವೆಂದು ಬಳಗಕ್ಕೆ ಸೇರುವಾಗಲೇ ಎಲ್ಲರಿಗೂ ತಿಳಿಸಬೇಕು. ಹದಿನೆಂಟು ತುಂಬದ ವಾದಕರು ಬಳಗದಲ್ಲಿದ್ದರೆ ಹೆತ್ತವರ ಅರಿವಿನಲ್ಲೇ ಇರಬೇಕು, ವಯಸ್ಕರು ಅವರಿಗೆ ಖಾಸಗಿಯಾಗಿ ಬರೆಯಬಾರದು. ಇದು ಅಪನಂಬಿಕೆಯಾಗದೇ ಎಂದು ಅವರು ಕೇಳಿದಾಗ, ಮಕ್ಕಳ ರಕ್ಷಣೆ ಯಾರ ಸಜ್ಜನಿಕೆಯ ಮೇಲೂ ನಿಂತಿರಬಾರದು ಎಂದು ಹೇಳಿದೆ.

ಉಳಿದವು ಬೇಗ ಇತ್ಯರ್ಥವಾದವು. ಮುದ್ರಿತ ಸ್ವರಹಾಳೆಗಳ ಸ್ಕ್ಯಾನ್‌ಗಳನ್ನು ಎಲ್ಲರಿಗೂ ಕಳಿಸುತ್ತಿದ್ದುದನ್ನು ನಿಲ್ಲಿಸಲು ಹೇಳಿದೆ; ಸಭೆಗಳ ಬಳಕೆಗೆಂದು ಹಾಡುಗಳಿಗೆ ಪರವಾನಗಿ ಕೊಡುವ ಸಿಸಿಎಲ್ಐಯಂಥ ವ್ಯವಸ್ಥೆಗಳು 1988ರಿಂದ ಇವೆಯಾದರೂ ಒಂದು ಸಭೆಗೆ ಸಿಕ್ಕ ಪರವಾನಗಿಯಿಂದ ಹೊರಗಿನ ನೂರಾರು ಜನರಿಗೆ ಪ್ರತಿ ಹಂಚಲಾಗದು. ಹಳೆಯ ಹಾಡು, ಹೊಸ ಹಾಡು ಎಂಬ ಜಗಳಕ್ಕೆ ತೀರ್ಪು ಕೊಡುವುದು ಅವರ ಹೊಣೆಯಲ್ಲ. 1520ರ ದಶಕದಲ್ಲಿ ಒಂದೆಡೆ ಜರ್ಮನಿಯ ಧರ್ಮಸುಧಾರಕ ಲೂಥರನ ಅನುಯಾಯಿಗಳು ಸಭಿಕರ ಬಾಯಿಗೆ ಹೊಸ ಹಾಡುಗಳನ್ನು ಕೊಡುತ್ತಿದ್ದಾಗಲೇ ಜ್ಯೂರಿಕ್ ನಗರದ ಚರ್ಚುಗಳಿಂದ ಆರ್ಗನ್‌ಗಳನ್ನು ತೆಗೆಸಲಾಗಿತ್ತು. ಐನೂರು ವರ್ಷಗಳಿಂದ ತೀರದ ವಾದವನ್ನು ಒಬ್ಬ ಅಡ್ಮಿನ್ ರಾತ್ರಿ ಎಚ್ಚರವಿದ್ದು ತೀರಿಸಲಾರ. ಪ್ರತಿಯೊಬ್ಬರೂ ತಮ್ಮ ಸಭೆಯಲ್ಲಿ ಏನು ಒದಗಿಬಂತೆಂದು ಹೇಳಲಿ, ಇನ್ನೊಂದು ಸಭೆಯನ್ನು ಅಳೆಯುವುದು ಬೇಡ ಎಂಬ ನಿಯಮವಾಯಿತು. ರಾತ್ರಿ ಒಂಬತ್ತರಿಂದ ಬೆಳಗಿನ ತನಕ ಬಳಗಕ್ಕೆ ಮೌನ.

ಇವೆಲ್ಲಕ್ಕಿಂತ ಕಠಿಣವಾದದ್ದು ನಾನು ಅವರಿಗಾಗಿಯೇ ಹೇಳಿದ ಮಾತು: ತಿಂಗಳಿಗೊಂದು ಭಾನುವಾರ ವೇದಿಕೆ ಹತ್ತದೆ ಪತ್ನಿಯ ಪಕ್ಕದಲ್ಲಿ ಕುಳಿತು ಆರಾಧಿಸಿ. ಬಳಗವನ್ನು ಒಡೆಯಲು ಒಪ್ಪಿದ್ದವರು ಇದಕ್ಕೆ ಒಪ್ಪಲಿಲ್ಲ. ಕೆಲವು ಭೇಟಿಗಳ ತನಕ ಬೇರೆ ಬೇರೆ ಕಾರಣ ಹೇಳಿ, ಕೊನೆಗೆ, “ಅಲ್ಲಿ ನಿಲ್ಲದಿದ್ದರೆ ನಾನು ಯಾರು ಎಂದು ನನಗೆ ಗೊತ್ತಿಲ್ಲ” ಎಂದರು. ಹದಿಹರೆಯದಿಂದಲೂ ಅವರನ್ನು ಎಲ್ಲರೂ ಕರೆದದ್ದು ಹಾಡುವವರೆಂದೇ. ಹಾಡದಿರುವ ದಿನವೂ ತಾವು ದೇವರಿಗೆ ಬೇಕಾದವರು ಎಂಬುದನ್ನು ಬೇರೆಯವರಿಗೆ ಸಾವಿರ ಸಲ ಹೇಳಿದ್ದ ಅವರು ತಮಗೆ ಹೇಳಿಕೊಂಡಿರಲಿಲ್ಲ. ಈ ಹಂತದಲ್ಲಿ ನಾನು ಅವಸರ ಮಾಡಲಿಲ್ಲ, ಏಕೆಂದರೆ ಮನುಷ್ಯನ ಗುರುತಿನ ವಿಷಯದಲ್ಲಿ ಒತ್ತಾಯದಿಂದ ಬಂದ ಒಪ್ಪಿಗೆ ಬಾಳುವುದಿಲ್ಲ. ಅವರು ಒಪ್ಪಿದ ಮೇಲೆ ಮೊದಲ ಭಾನುವಾರ ಕೀಬೋರ್ಡ್ ವಾದಕನ ತಪ್ಪುಗಳನ್ನೇ ಕೇಳುತ್ತ ಕುಳಿತಿದ್ದರಂತೆ. ಮುಂದೆ ಕೆಲವು ತಿಂಗಳಲ್ಲಿ ಹಾಡಲು ಸಾಧ್ಯವಾಯಿತು ಎಂದು ತಿಳಿಸಿದರು.

ಬಳಗದಿಂದ ಸಾಕಷ್ಟು ಜನ ಹೊರಟುಹೋದರು. ಅವರಿಗೆ ಬೇಕಿದ್ದದ್ದು ಕಾರ್ಡ್‌ಗಳು ಮಾತ್ರ. ಒಂದೆರಡು ವೃಂದಗಳು ಯಾರೂ ಸೇರದೆ ನಿಂತುಹೋದವು. ಉಳಿದವು ನಡೆಯುತ್ತಿವೆ, ಅಡ್ಮಿನ್ ಹೊಣೆ ನಾಲ್ವರ ನಡುವೆ ಸರದಿಯಲ್ಲಿದೆ. ತಂಡದಿಂದ ಕೈಬಿಟ್ಟಿದ್ದ ಆ ಹುಡುಗನನ್ನು ಇವರು ಹೋಗಿ ಕಂಡು ಕ್ಷಮೆ ಕೇಳಿದರು. ಅವನು ಬಳಗಕ್ಕೆ ಮರಳಲಿಲ್ಲ, ಮರಳಲೇಬೇಕೆಂದು ಇವರೂ ಕೇಳಲಿಲ್ಲ. ನಿದ್ರೆ ಬಹುಮಟ್ಟಿಗೆ ಸುಧಾರಿಸಿದೆ, ವೈದ್ಯರ ಭೇಟಿ ಮುಂದುವರಿದಿದೆ. ತಮ್ಮ ಸಭಾಪಾಲಕರೊಡನೆ ಈ ದಣಿವಿನ ಕುರಿತು ನೇರವಾಗಿ ಮಾತಾಡುವುದು ಇನ್ನೂ ಬಾಕಿಯಿದೆ. ಆ ಮಾತುಕತೆಗೆ ಮೊದಲು ತಾವು ಏನನ್ನು ಕೇಳುತ್ತಿದ್ದೇವೆಂದು, ಅಂದರೆ ತಿಂಗಳಿಗೆ ಎಷ್ಟು ವಾರ ನಡೆಸಬಲ್ಲೆ, ಯಾರನ್ನು ತರಬೇತುಗೊಳಿಸಲು ಸಮಯ ಬೇಕು ಎಂಬುದನ್ನು ಒಂದು ಹಾಳೆಯಲ್ಲಿ ಬರೆದುಕೊಂಡು, ಭಾನುವಾರ ಬಿಟ್ಟು ಬೇರೊಂದು ದಿನ, ಪತ್ನಿಯನ್ನೂ ಕರೆದುಕೊಂಡು ಹೋಗಿ ಎಂದು ಸಲಹೆ ಕೊಟ್ಟಿದ್ದೇನೆ.